ಬುಗ್ಗಿ ಖೋಲಿ

ಮಕ್ತಲ್‌ನ ಆ ಓಣಿಗೆ ಟ್ರಾಲಿ ಆಟೊ ಬಂದು ನಿಂತಾಗ ಅಕ್ಕಪಕ್ಕದ ಮನೆಯವರೆಲ್ಲ ಸೀನುತ್ತಾ ಹೊರಗೆ ಬಂದರು. ಆಟೊದಲ್ಲಿ ಮೆಣಸಿನಕಾಯಿಯ ಚೀಲಗಳಿರಲಿಲ್ಲ. ಇಟಿಕ್ಯಾಲದ ಕಡೆ ಬಾಗಿಲು ಮುಚ್ಚಿದ ಒಂದು ಕೋಲ್ಡ್ ಸ್ಟೋರೇಜಿನ ಗೋಡೆಗಳಿಂದ ಬಿಚ್ಚಿ ತಂದ ಗಟ್ಟಿ ಥರ್ಮಾಕೋಲಿನ ಹಲಗೆಗಳಿದ್ದವು. ಒಂದು ಮೈ ಬಿಳಿ, ಇನ್ನೊಂದು ಮೈಗೆ ಬೆಳ್ಳಿ ಬಣ್ಣದ ಹಾಳೆ. ವರ್ಷಗಟ್ಟಲೆ ಮೆಣಸಿನಕಾಯಿಯ ನಡುವೆ ಬಾಳಿದ ಅವು ಆ ಘಾಟನ್ನು ತಮ್ಮದಾಗಿಸಿಕೊಂಡಿದ್ದವು.

ಉರುಕುಂದಪ್ಪ ಮೂಗಿಗೆ ಟವೆಲ್ ಸುತ್ತಿಕೊಂಡು ಆಟೊದಿಂದ ಇಳಿದ. ಹಿಂದೆ ಕುರಿ ಕಾಯ್ದಿದ್ದವನು ಈಗ ನಾರಾಯಣಪೇಟೆ ಜಿಲ್ಲೆಯಾದ ಮೇಲೆ ಪ್ಲಾಟುಗಳ ವ್ಯವಹಾರಕ್ಕಿಳಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಿಲ್ಲದೆ ಹೊಸ್ತಿಲು ದಾಟದವನಾಗಿದ್ದ. ಅಂಗಿ ಮಾಸದಂತೆ ದೂರ ನಿಂತು ತಂಗಿಯನ್ನು ಕೂಗಿದ.

"ಬುಗ್ಗೀ, ಇಳಿಸ್ಕೋ ಬಾ. ನಿನ್ನ ಖೋಲಿಗೇ ತಂದೀನಿ. ಈ ಬ್ಯಾಸಿಗ್ಯಾಗ ಕುಂತಲ್ಲೇ ನಿನಗ ಊಟಿ ತೋರಿಸ್ತೀನಿ."

ಬುಗ್ಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಭಾರವಿರಬಹುದೆಂದು ಮೈ ಬಿಗಿ ಮಾಡಿ ಎತ್ತಿದ ಹಲಗೆ ಹಪ್ಪಳದಷ್ಟು ಹಗುರಾಗಿ ಮೇಲೆದ್ದಾಗ ಅವಳಿಗೆ ನಗು ಬಂತು. ಗಾಳಿಗೆ ಒಂದು ಹಾರಿ ಪಕ್ಕದ ಮನೆಯ ಆಕಳ ಮೇಲೆ ಬಿತ್ತು. ಅಣ್ಣನ ಮಗಳು ಹರಿತಾ ಅದನ್ನು ಹಿಡಿಯಲು ಓಡಿದಳು. ಮಧ್ಯಾಹ್ನದವರೆಗೂ ಅತ್ತೆ ಸೊಸೆಯರಿಬ್ಬರೂ ಹಲಗೆಗಳನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ಆಮೇಲೆ ಬುಗ್ಗಮ್ಮನೇ ಒಲೆಯ ಮುಂದೆ ಕುಳಿತು ಎಲ್ಲರಿಗೂ ರೊಟ್ಟಿ ಬಡಿದಳು. ಅವಳು ಗದ್ವಾಲದಿಂದ ತವರಿಗೆ ಮರಳಿದಾಗಿನಿಂದ ಆ ಮನೆಯಲ್ಲಿ ರೊಟ್ಟಿಯ ಸಪ್ಪಳ ಅವಳ ಕೈಯದೇ ಆಗಿತ್ತು. ಅದನ್ನು ಯಾರೂ ಕೆಲಸವೆಂದು ಎಣಿಸಿರಲಿಲ್ಲ.

ಗದ್ವಾಲದಲ್ಲಿದ್ದ ಗಂಡ ಇನ್ನೊಬ್ಬಳನ್ನು ಮನೆಗೆ ತಂದು, "ನೀನೂ ಇರು, ಆಕಿನೂ ಇರ್ತಾಳ" ಎಂದಿದ್ದ. ಬುಗ್ಗಮ್ಮ ಇರಲಿಲ್ಲ. ಸೀರೆಯ ಗಂಟಿನೊಂದಿಗೆ ಬಂದು ನಿಂತ ಮಗಳನ್ನು ತಂದೆ ಮೈಲಾರಲಿಂಗ ಒಂದು ಮಾತೂ ಕೇಳಲಿಲ್ಲ. ಮಾಳಿಗೆಯ ಮೇಲೆ ಉಣ್ಣೆ ತುಂಬಿಡಲು ಆತ ಕಟ್ಟಿಸಿದ್ದ ಒಂದು ಕೋಣೆಯಿತ್ತು. ಕೆಳಗಿನ ಮನೆಯ ಗೋಡೆಗಳು ಕಲ್ಲಿನವು. ಮೇಲೆ ಅಷ್ಟು ಭಾರ ಬೇಡವೆಂದು ಆ ಕೋಣೆಯ ನಾಲ್ಕೂ ಗೋಡೆಗಳನ್ನು ಮರದ ಹಲಗೆಯಲ್ಲಿ ನಿಲ್ಲಿಸಿ, ತಗಡು ಹೊದಿಸಿದ್ದ. ಉಣ್ಣೆಯ ಮೂಟೆಗಳನ್ನು ಹೊರಗೆಳೆದು, ನೆಲ ಸಾರಿಸಿ, "ಇದು ಬುಗ್ಗಿ ಖೋಲಿ" ಎಂದ. ಅಷ್ಟೇ ಹೇಳಿದ್ದು. ಅಂದಿನಿಂದ ಹಾಲಿನವನ ಬಾಯಲ್ಲೂ ಮೀಟರ್ ಓದಲು ಬರುವವನ ಬಾಯಲ್ಲೂ ಅದು ಬುಗ್ಗಿ ಖೋಲಿ. ಆತ ತೀರಿಕೊಂಡ ಮೇಲೂ ಹೆಸರು ಉಳಿಯಿತು.

ಆ ಕೋಣೆಯೇ ಅವಳ ಅನ್ನ. ನಾರಾಯಣಪೇಟೆಯ ಅಂಗಡಿಗಳಿಂದ ಸೀರೆಗಳನ್ನು ಬಸ್ಸಿನಲ್ಲಿ ತಂದು, ಸೆರಗಿನ ಎಳೆಗಳಿಗೆ ಕುಚ್ಚು ಕಟ್ಟಿ ಮರಳಿಸುತ್ತಿದ್ದಳು. ಆದರೆ ಹೋಳಿ ಕಳೆದರೆ ಸಾಕು, ಬಿಸಿಲು ಏರುತ್ತಲೇ ತಗಡೂ ಹಲಗೆಯೂ ಕಾದು ಕೋಣೆ ಬಾಣಲೆಯಾಗುತ್ತಿತ್ತು. ಅಂಗೈ ಬೆವರಿ ರೇಷ್ಮೆಯ ಮೇಲೆ ಕಲೆ ಬಿದ್ದರೆ ಸೀರೆ ಅವಳ ಕೊರಳಿಗೇ ಬೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಒಂದಿಷ್ಟು, ಸಂಜೆ ಒಂದಿಷ್ಟು. ನಡುವಿನ ಹಗಲೆಲ್ಲ ಅಡುಗೆಮನೆಯ ಪಾಲು. ಮದುವೆಯ ಹಂಗಾಮಿನ ಕೆಲಸ ಬೇರೆಯವರ ಕೈಗೆ ಹೋಗುವುದನ್ನು ನೋಡುತ್ತಾ ಕೂರುವುದು ಅವಳಿಗೆ ರೂಢಿಯಾಗಿತ್ತು. ಕೋಣೆ ತಣ್ಣಗಾದರೆ ಹಗಲಿಡೀ ಕುಚ್ಚು ಕಟ್ಟಬಹುದು. ಯಾರ ಮುಂದೆಯೂ ಕೈ ಚಾಚದೆ ತನ್ನ ಬಾಳು ತಾನು ನಡೆಸಬಹುದು.

ಬಡಗಿ ಚಾಂದ್‌ಪಾಷಾ ಮರುದಿನ ಬಂದ. ಗೋಡೆಯ ಮರದ ಹಲಗೆಗಳ ನಡುವಿನ ಬಿರುಕುಗಳಲ್ಲಿ ಬೆರಳಾಡಿಸಿ, ಮೊದಲು ಇವನ್ನು ಮುಚ್ಚದೆ ಮೇಲೆ ಏನು ಹೊಡೆದರೂ ಬಿಸಿಗಾಳಿ ಒಳಗೆ ನುಗ್ಗುತ್ತದೆಂದು ಹೇಳಿದ. ಆ ಕೆಲಸ ಬುಗ್ಗಮ್ಮನಿಗೇ ಬಂತು. ಗೋಡೆಯ ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಅಪ್ಪ ಉಣ್ಣೆ ತೂಗುಹಾಕಲು ಬಡಿದಿದ್ದ ಗೂಟಗಳನ್ನು ಮಾತ್ರ ಕೀಳುವಾಗ ಸ್ವಲ್ಪ ತಡೆದಳು. ಗರಗಸದ ಹೊಟ್ಟಿಗೆ ಅಂಟು ಕಲಸಿ ಬಿರುಕುಗಳಿಗೆ ತುಂಬಿದಳು. ಉಗುರಿನ ಸಂದಿಗಳಲ್ಲಿ ಅಂಟು ಕೂತು, ವಾರಗಟ್ಟಲೆ ರೇಷ್ಮೆ ಮುಟ್ಟುವಂತಿರಲಿಲ್ಲ. ಅಂಗಡಿಯವರಿಗೆ ಮುಂದಿನ ತಿಂಗಳು ಬರುತ್ತೇನೆಂದು ಫೋನು ಮಾಡಿದಳು.

ಹಲಗೆ ಜಡಿಯಲು ಶುರುಮಾಡಿದಾಗ ಇನ್ನೊಂದು ತೊಡಕು ಎದುರಾಯಿತು. ಸ್ಕ್ರೂ ತಿರುಗಿಸಿದಷ್ಟೂ ಅದರ ತಲೆ ಥರ್ಮಾಕೋಲಿನೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿದು, ಹಲಗೆ ಕೈಬಿಟ್ಟು ಬೀಳುತ್ತಿತ್ತು. ಸ್ಕ್ರೂ ತಲೆಯ ಕೆಳಗಿಡಲು ಅಗಲವಾದ ಬಿಲ್ಲೆ ಬೇಕೆಂದು ಚಾಂದ್‌ಪಾಷಾ ರಾಯಚೂರಿಗೆ ಹೇಳಿ ಕಳಿಸಿದ; ಬಂದವು ಸಣ್ಣವಾದವು. ನಾರಾಯಣಪೇಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಹರಿತಾ ಬಸ್ ನಿಲ್ದಾಣದ ಸೋಡಾ ಅಂಗಡಿಯಿಂದ ಒಂದು ಚೀಲ ಬಾಟಲಿ ಮುಚ್ಚಳ ತಂದು ಸುರಿದಳು. ಮುಚ್ಚಳದ ನಡುವೆ ತೂತು ಕೊರೆದು ಸ್ಕ್ರೂ ಬಿಗಿದರೆ ಅದರ ಹಲ್ಲುಗಳು ಥರ್ಮಾಕೋಲನ್ನು ಕಚ್ಚಿ ಹಿಡಿಯುತ್ತಿದ್ದವು. ಬೆಳ್ಳಿ ಗೋಡೆಯ ತುಂಬ ಕಿತ್ತಳೆ, ಹಸಿರು, ಕೆಂಪು ಚುಕ್ಕೆಗಳು ಮೂಡಿದವು.

"ಅತ್ತಿ, ನಿನ್ನ ಖೋಲಿಗೆ ಬೊಟ್ಟು ಇಟ್ಟಂಗಾತು ನೋಡು" ಎಂದಳು ಹರಿತಾ.

"ನನ್ನ ಹಣಿಮ್ಯಾಲಿದ್ದದ್ದು ಗೋಡಿಗೆ ಹೋತೇನು, ಹೋಗ್ಲಿ ಬಿಡು" ಎಂದು ಬುಗ್ಗಮ್ಮ ನಕ್ಕಳು.

ಅರ್ಧ ಗೋಡೆ ಮುಗಿದಾಗ ಚಾಂದ್‌ಪಾಷಾ ನೆಂಟರ ಮದುವೆಗೆಂದು ಊರು ಬಿಟ್ಟ. ಭಾನುವಾರ ಉರುಕುಂದಪ್ಪನಿಗೆ ತಡೆಯಲಾಗಲಿಲ್ಲ. ಅಂಗಿ ಕಳಚಿ ಬನಿಯನ್ನಿನಲ್ಲಿ ತಾನೇ ಹಲಗೆ ಕೊಯ್ಯಲು ಕುಳಿತ. ಕೋಣೆಯ ಒರಟು ನೆಲದ ಮೇಲಿಟ್ಟು ಕೊಯ್ದರೆ ಅಂಚುಗಳು ಮುರಿಯುತ್ತಿದ್ದವು. ಕೆಳಗೆ ಮೆತ್ತಗಿನದು ಏನಾದರೂ ಹಾಸಬೇಕಿತ್ತು. ಹೆಂಡತಿ ಸುಗುಣಮ್ಮನನ್ನು ಕೌದಿ ಕೇಳಿದ. ಮೆಣಸಿನ ಘಾಟಿನ ಹಲಗೆಗೆ ತನ್ನ ಕೌದಿ ಕೊಡುವುದಿಲ್ಲವೆಂದು ಆಕೆ ಪೆಟ್ಟಿಗೆಯ ಮೇಲೆಯೇ ಕುಳಿತಳು. ಆತ ಗೊಣಗುತ್ತಾ ನಡುಮನೆಗೆ ಹೋಗಿ, ದೇವರ ಗೂಡಿನ ಪಕ್ಕದ ಗೂಟದಲ್ಲಿದ್ದ ಕರಿ ಕಂಬಳಿಯನ್ನು ಎಳೆದುಕೊಂಡು ಮೇಲೆ ಬಂದ.

ಅದು ಮನೆದೇವರು ಬೀರಪ್ಪನ ಕಂಬಳಿ. ಆ ಮನೆಯಲ್ಲಿ ಹೆಣ್ಣು ಕೊಡುವ ಮಾತು, ಗಂಡು ತರುವ ಮಾತು, ಅಣ್ಣತಮ್ಮಂದಿರು ಕುರಿ ಹಂಚಿಕೊಳ್ಳುವ ಮಾತು, ಎಲ್ಲವೂ ಆ ಕಂಬಳಿ ಹಾಸಿ ಅದರ ಮೇಲೆ ಕುಳಿತೇ ಆಗಬೇಕು. ಹಾಗೆ ಕುಳಿತು ಆಡಿದ್ದನ್ನು ಮೈಲಾರಲಿಂಗನ ಕಾಲದಲ್ಲಾಗಲಿ ಅವನ ತಂದೆಯ ಕಾಲದಲ್ಲಾಗಲಿ ಯಾರೂ ಹಿಂದಕ್ಕೆ ಪಡೆದಿರಲಿಲ್ಲ. ಉರುಕುಂದಪ್ಪನ ತಲೆಯಲ್ಲಿ ಆಗ ಇದ್ದದ್ದು ಥರ್ಮಾಕೋಲಿನ ಅಂಚು ಮಾತ್ರ. ಕಂಬಳಿ ಹಾಸಿ, ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು, ಗರಗಸದ ಅಲಗನ್ನು ಎಳೆಯತೊಡಗಿದ. ಬಿಳಿ ಕಾಳುಗಳು ಉದುರಿ, ಒಣ ಹವೆಗೆ ಜಿಗಿದು, ಕಂಬಳಿಯ ಕೂದಲಿಗೆ ಅಂಟಿಕೊಂಡವು.

ತಾಯಿ ಪೋಚಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತಳು.

"ಯಾವ ಕಂಬಳಿ ತಂದಿಯೋ?"

"ಝಾಡಿಸಿ ಕೊಡ್ತೀನಿ ಬಿಡವ್ವ. ಕಂಬಳಿಗೇನು ಕಾಲು ಮುರೀತಾ?"

ಹಲಗೆಯ ಇನ್ನೊಂದು ತುದಿ ಹಿಡಿದು ನಿಂತಿದ್ದ ಬುಗ್ಗಮ್ಮನಿಗೆ ಅಣ್ಣ ಬೆವರಿಳಿಸಿ ದುಡಿಯುವುದನ್ನು ಕಂಡು ಮನಸ್ಸು ತುಂಬಿ ಬಂದಿತ್ತು. ಅದನ್ನು ನೇರ ಹೇಳಲು ಬಾರದೆ, "ಅಣ್ಣಾ, ಇಷ್ಟು ಚಂದ ಮಾಡಿ, ನಾಳಿ ನೀನೇ ಬಂದು ಮಲಗ್ತೀನಿ ಅಂದ್ರ ನಾ ಎಲ್ಲಿಗೆ ಹೋಗ್ಲಿ?" ಎಂದು ಕೆಣಕಿದಳು.

ಉರುಕುಂದಪ್ಪ ತಲೆಯೆತ್ತದೆ ಹೇಳಿದ. "ನಿಂದ ಅಲ್ಲದ ಯಾರ್ದಿದು? ನೀ ಸಾಯೋತನ ನಿಂದ. ಹಲಗಿ ನೆಟ್ಟಗ ಹಿಡಿ."

ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಪೋಚಮ್ಮ ತಂಬಿಗೆಯನ್ನು ಕೆಳಗಿಟ್ಟು, ಮಗನನ್ನೂ ಕಂಬಳಿಯನ್ನೂ ನೋಡಿ, ಇಳಿದು ಹೋದಳು.

ಮುಂದಿನ ವಾರ ಚಂದ್ರಯ್ಯ ಬಂದ. ಆತ ಉರುಕುಂದಪ್ಪನ ಪ್ಲಾಟಿನ ವ್ಯವಹಾರದ ಪಾಲುದಾರ, ನಾರಾಯಣಪೇಟೆಯವನು, ಬಳಗದವನೇ. ಕೆಳಗೆ ಗಿರಾಕಿಗಳು ಕುಳಿತಿದ್ದರಿಂದ ಮಾತಿಗೆಂದು ಇಬ್ಬರೂ ಮೇಲೆ ಹೋದರು. ಹೊರಗೆ ಮಾಳಿಗೆಯ ಮಣ್ಣು ಕಾಲು ಸುಡುತ್ತಿತ್ತು. ಮೂರು ಗೋಡೆಗೆ ಹಲಗೆ ಬಿದ್ದಿದ್ದ ಕೋಣೆಯೊಳಗೆ ಕಾಲಿಟ್ಟವನೇ ಚಂದ್ರಯ್ಯ ಅಂಗಿಯ ಗುಂಡಿ ಬಿಚ್ಚಿ, "ಅಬ್ಬಾ, ಮಸ್ತ್ ಐತಲ್ಲಪಾ" ಎಂದ. ಮುಚ್ಚಳಗಳು ಕಾಣದಂತೆ ಪ್ಲೈವುಡ್ ಹೊಡೆಸಿ, ಒಂದು ಸೋಫಾ, ಒಂದು ಎ.ಸಿ. ಇಟ್ಟರೆ ಹೈದರಾಬಾದಿನಿಂದ ಬರುವ ಗಿರಾಕಿಯೂ ಇಲ್ಲಿಂದ ಏಳಲಾರ ಎಂದೂ ಹೇಳಿದ. ಕೋಣೆಯ ಮೂಲೆಯಲ್ಲಿ ಬುಗ್ಗಮ್ಮನ ಕುಚ್ಚಿನ ಚೌಕಟ್ಟು ಇತ್ತು. ಅದರ ಮೇಲೆ ಆತ ತನ್ನ ಟವೆಲ್ ಹಾಕಿದ್ದ.

ಮಾತು ಬದಲಾದದ್ದು ಅಲ್ಲಿಂದ. ಮರುದಿನ ಉರುಕುಂದಪ್ಪ ಬಡಗಿಗೆ, "ಮ್ಯಾಲಿನ ಖೋಲಿ ಯಾವಾಗ ಮುಗಿಸ್ತಿ?" ಎಂದು ಕೇಳಿದ. ಬುಗ್ಗಮ್ಮ ರೊಟ್ಟಿ ತಿರುವುತ್ತಿದ್ದ ಕೈ ನಿಲ್ಲಿಸಿದಳು. ಬಾಯಿ ತಪ್ಪಿರಬಹುದೆಂದುಕೊಂಡಳು. ಅನಂತರ ಸುಗುಣಮ್ಮ, ಮೇಲಿನ ಖೋಲಿಯ ಚಾವಿ ಎಲ್ಲಿ ಎಂದಳು. ಹಾಲಿನವನಿಗೂ ಹಾಗೆಯೇ ಹೇಳಿಕೊಟ್ಟಂತಿತ್ತು. ಒಂದು ಮಧ್ಯಾಹ್ನ ಸೋಫಾ ಇಳಿಯಿತು. ಹೊತ್ತು ತಂದವರು ಎಲ್ಲಿಡಬೇಕೆಂದು ಕೇಳಿದಾಗ ಉರುಕುಂದಪ್ಪ ಕಿಟಕಿಯಿಂದಲೇ, "ಆಫೀಸಿನ್ಯಾಗ ಇಡ್ರಿ" ಎಂದ. ಒಂದು ಹೆಸರನ್ನು ಒರೆಸಿಹಾಕಲು ಅವರಿಗೆ ಜಗಳವೂ ಬೇಕಾಗಿರಲಿಲ್ಲ, ದಸ್ತಾವೇಜೂ ಬೇಕಾಗಿರಲಿಲ್ಲ. ಮನೆಯವರೆಲ್ಲ ಸೇರಿ ಅದನ್ನು ಕರೆಯುವುದನ್ನು ಬಿಟ್ಟರೆ ಸಾಕಾಗಿತ್ತು.

ಬುಗ್ಗಮ್ಮ ಮೇಲೆ ಹೋಗಿ ನೋಡಿದಾಗ ಅವಳ ಚೌಕಟ್ಟು, ಹಾಸಿಗೆ, ದಾರದ ಡಬ್ಬಿಗಳು ಅಲ್ಲಿರಲಿಲ್ಲ. ಹಿತ್ತಲಿನ ಬಚ್ಚಲಿನ ಪಕ್ಕ, ಸೌದೆ ಇಡುವ ತಗಡಿನ ಮಾಡಿನ ಕೆಳಗೆ, ಅಚ್ಚುಕಟ್ಟಾಗಿ ಜೋಡಿಸಿಡಲಾಗಿತ್ತು. ಆ ಅಚ್ಚುಕಟ್ಟು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಆ ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಿದ್ದರು: ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬುಗ್ಗಮ್ಮ ಅಣ್ಣನ ತಟ್ಟೆಗೆ ರೊಟ್ಟಿ ಹಾಕಿ, ಅಲ್ಲೇ ನಿಂತಳು.

"ನನ್ನ ಸಾಮಾನು ಬಚ್ಚಲಕ ಯಾರು ಒಯ್ದಿಟ್ರು?"

ಉರುಕುಂದಪ್ಪ ಪಲ್ಯ ಹಚ್ಚಿಕೊಳ್ಳುತ್ತಾ, ಅಲ್ಲಿ ನೀರು ಹತ್ತಿರ, ಅಡುಗೆಮನೆ ಹತ್ತಿರ, ಮೆಟ್ಟಿಲು ಹತ್ತಿ ಇಳಿಯುವ ಕಷ್ಟ ತಪ್ಪುತ್ತದೆ ಎಂದು ಸಮಾಧಾನದ ದನಿಯಲ್ಲಿ ವಿವರಿಸಿದ. ಅಲ್ಲಿಯೂ ಉಳಿದ ಒಂದೆರಡು ಥರ್ಮಾಕೋಲು ತುಂಡು ಹೊಡೆಸಿಕೊಡುತ್ತೇನೆಂದ.

"ತುಂಡು ನನಗ, ಹಲಗಿ ನಿನ್ನ ಸೋಫಾಕ್ಕ?" ಎಂದಳು ಬುಗ್ಗಮ್ಮ. "ಮೊಳಿ ಕಿತ್ತಾಕಿ ನಾ. ಸಂದಿ ತುಂಬಿದಾಕಿ ನಾ. ಆ ಅಂಟಿನ ಕೈಲೆ ರೇಷ್ಮಿ ಮುಟ್ಟದ ಒಂದು ಹಂಗಾಮು ಕಳಕೊಂಡೆ. ನಿನ್ನ ಖೋಲಿ, ನಿನ್ನ ಖೋಲಿ ಅಂತ ಅಂದು ದುಡಿಸಿಕೊಂಡಿಯಲ್ಲ, ಮದ್ಲೇ ಆಫೀಸು ಅಂದಿದ್ರ ಕೂಲಿ ಕೇಳ್ತಿದ್ದೆ."

ಸುಗುಣಮ್ಮ ಸುಮ್ಮನಿರಲಿಲ್ಲ. ಅವಳಿಗೂ ಅವಳದೇ ನೋವಿತ್ತು. "ನಡುಮನ್ಯಾಗ ದಿನಾ ಗಂಡಸರು ಕುಂತಿರ್ತಾರ. ನನಗ ಒಂದು ಗಳಿಗಿ ಕಾಲು ಚಾಚಾಕ ಜಾಗ ಇಲ್ಲ. ಚಾ ಕಾಸಿ ಕಾಸಿ ಕೈ ಸೋತಾವ. ಅವ್ರು ಮ್ಯಾಲ ಹೋದ್ರ ಈ ಮನಿ ಮನಿ ಆಗ್ತೈತಿ. ನಿಮಗ ಅದು ಕಾಣಂಗಿಲ್ಲ."

"ಕಾಣ್ತೈತಿ ವೈನಿ. ಆದ್ರ ನಿಮ್ಮ ಕಾಲು ಚಾಚಾಕ ನನ್ನ ಕಾಲು ಯಾಕ ಕಡೀಬೇಕು?"

"ಅಪ್ಪಾ, ನೀನೇ ಅಂದಿಯಲ್ಲ" ಎಂದಳು ಹರಿತಾ, ತಟ್ಟೆಯಿಂದ ಕೈ ತೆಗೆದು. "ಅತ್ತಿ ಸಾಯೋತನ ಆಕಿದೇ ಅಂತ. ನಾ ಅಲ್ಲೇ ಮೂಲ್ಯಾಗ ಕುಂತು ಮುಚ್ಚಳಕ್ಕ ತೂತು ಹೊಡಿಯಾಕತ್ತಿದ್ದೆ, ಕೇಳೀನಿ."

"ಉಣ್ಣು ಸುಮ್ನ. ಮಾತಿಗೊಂದು ಮಾತು ಅಂದಿರ್ತೀನಿ. ಕಾಗದ ಎಲ್ಲೈತಿ?"

"ಕಂಬಳಿ ಮ್ಯಾಲ ಕುಂತು ಅಂದಿ" ಎಂದಳು ಬುಗ್ಗಮ್ಮ.

ಉರುಕುಂದಪ್ಪನ ಕೈ ತುತ್ತಿನೊಂದಿಗೆ ಅರ್ಧಕ್ಕೆ ನಿಂತಿತು. ಅನಂತರ ನಕ್ಕ. "ಯಾವ ಕಂಬಳಿ? ನೆಲದ ಮ್ಯಾಲ ಕುಂತಿದ್ದೆ. ಅವ್ವನ್ನ ಕೇಳು."

ಎಲ್ಲರೂ ಪೋಚಮ್ಮನ ಕಡೆ ತಿರುಗಿದರು. ಮುದುಕಿ ಮಜ್ಜಿಗೆಯಲ್ಲಿ ರೊಟ್ಟಿ ಚೂರು ನೆನೆಸುತ್ತಿದ್ದಳು. ನೆನೆಸಿದಳು, ಬಾಯಿಗಿಟ್ಟಳು, ಅಗಿದಳು. ನುಂಗಿ, ಇನ್ನೊಂದು ಚೂರು ಮುರಿದು ಮಜ್ಜಿಗೆಗೆ ಹಾಕಿದಳು. ಮಗನ ಅನ್ನ ತಿನ್ನುವ ತಾಯಿಗೆ ಮಗಳ ಅನ್ನ ಕಾಣುವುದಿಲ್ಲ ಎಂದುಕೊಂಡ ಬುಗ್ಗಮ್ಮ ಉಣ್ಣದೆ ಎದ್ದು ಹಿತ್ತಲಿಗೆ ಹೋದಳು.

ಅವಳು ಬಚ್ಚಲ ಪಕ್ಕದ ಮಾಡಿನಲ್ಲಿ ಕೆಲಸ ಶುರುಮಾಡಿದಳು. ಸ್ನಾನದ ನೀರು ಸಿಡಿಯುತ್ತದೆಂದು ರೇಷ್ಮೆಯ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿದಳು. ಹಾಳೆಯ ಒಳಗೆ ಮತ್ತಷ್ಟು ಬೆವರು. ಮೊದಲನೆಯ ಸೀರೆಗೇ ಕಲೆ ಬಿತ್ತು. ನಾರಾಯಣಪೇಟೆಯ ಅಂಗಡಿಯಾತ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಬೈಯಲಿಲ್ಲ. ಮುಂದಿನ ಕಟ್ಟು ಕೊಡಲೂ ಇಲ್ಲ. ಖಾಲಿ ಚೀಲ ಮಡಿಚಿಕೊಂಡು ಮಕ್ತಲ್‌ನ ಬಸ್ಸಿನಲ್ಲಿ ಕುಳಿತವಳಿಗೆ ಅಳು ಬರಲಿಲ್ಲ. ಅಣ್ಣನ ಮೇಲಿನ ಸಿಟ್ಟು ತಾಯಿಯ ಮೇಲಿನ ಸಿಟ್ಟನ್ನು ಹುಡುಕಿಕೊಂಡು ಹೋಗಿ ಸೇರಿತು.

ಮನೆಗೆ ಬಂದಾಗ ಪೋಚಮ್ಮ ನಡುಮನೆಯ ಕಿಟಕಿಯ ಬೆಳಕಿಗೆ ಕಂಬಳಿ ಹರವಿಕೊಂಡು ಕುಳಿತಿದ್ದಳು. ಕನ್ನಡಕ ಮೂಗಿನ ತುದಿಗಿತ್ತು. ಎರಡು ಉಗುರುಗಳ ನಡುವೆ ಬಿಳಿ ಕಾಳುಗಳನ್ನು ಒಂದೊಂದಾಗಿ ಹಿಡಿದು ಕಿತ್ತು ಬಟ್ಟಲಿಗೆ ಹಾಕುತ್ತಿದ್ದಳು. ಅವು ಬಟ್ಟಲಿಗೆ ಬೀಳದೆ ಬೆರಳಿಗೇ ಅಂಟುತ್ತಿದ್ದವು. ಬುಗ್ಗಮ್ಮ ಚೀಲವನ್ನು ನೆಲಕ್ಕೆ ಬಿಟ್ಟಳು.

"ಸಾಕ್ಷಿ ಆರಿಸಿ ಒಗ್ಯಾಕತ್ತೀಯೇನವ್ವ?"

ಪೋಚಮ್ಮ ತಲೆಯೆತ್ತಲಿಲ್ಲ. "ಕೈ ತೊಳಕೊಂಡು ಬಾ, ಉಣ್ಣು."

"ನಿನ್ನ ಮಗನ ಸುಳ್ಳು ನೀ ಸ್ವಚ್ಛ ಮಾಡು. ನನಗ ಹಸಿವಿಲ್ಲ."

ಮುದುಕಿ ಇನ್ನೊಂದು ಕಾಳು ಕಿತ್ತಳು. ಮಗಳು ಹೋದ ಮೇಲೆ ಕಂಬಳಿಯನ್ನು ಝಾಡಿಸಲಿಲ್ಲ. ಮಗುವನ್ನು ಸುತ್ತುವಂತೆ ಒಳಮೈ ಒಳಗಾಗಿ ನಿಧಾನ ಮಡಿಚಿ, ಗೂಟಕ್ಕೆ ಹಾಕದೆ ತನ್ನ ಪೆಟ್ಟಿಗೆಯೊಳಗಿಟ್ಟಳು.

ಆಫೀಸಿನ ಪೂಜೆಯನ್ನು ಭಾನುವಾರಕ್ಕೆ ಗೊತ್ತು ಮಾಡಿದರು. ಅದು ಮೈಲಾರನ ವಾರ, ಬೀರಪ್ಪನಿಗೂ ನಡೆಯುವ ವಾರ. ಹೆಸರಿನ ಬೋರ್ಡು ಬಂದು ಮೆಟ್ಟಿಲಿಗೆ ಒರಗಿತ್ತು. ಎ.ಸಿ.ಯ ವೈರು ಎಳೆಯಲು ಮರುದಿನ ಬರುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿಯಾಗಿತ್ತು. ಚಂದ್ರಯ್ಯ ತೆಂಗಿನಕಾಯಿ, ಹೂವಿನ ಹಾರ ತಂದ. ಬಳಗದ ಹಿರಿಯರೂ ಓಣಿಯ ಒಂದಿಷ್ಟು ಜನವೂ ನಡುಮನೆಯಲ್ಲಿ ನೆರೆದರು. ಮೊದಲು ಕೆಳಗೆ ಕಂಬಳಿ ಹಾಸಿ, ಮನೆಯ ಯಜಮಾನ ಅದರ ಮೇಲೆ ಕುಳಿತು ಬಂಡಾರ ಹಿಡಿದು ಹೊಸ ಕೆಲಸದ ಹೆಸರು ಹೇಳಬೇಕು. ಆಮೇಲೆ ಮೇಲೆ ಹೋಗಿ ಕಾಯಿ ಒಡೆಯುವುದು. ಆ ಅರಿಸಿನದ ಪುಡಿಯ ಬಟ್ಟಲನ್ನು ಸುಗುಣಮ್ಮ ತಂದಿಟ್ಟಳು. ಬುಗ್ಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಷ್ಟೂ ಜನರ ಅಡುಗೆ ಅವಳದೇ.

ಉರುಕುಂದಪ್ಪ ಹೊಸ ಧೋತರ ಉಟ್ಟು, "ಅವ್ವಾ, ಕಂಬಳಿ ಹಾಸು" ಎಂದ.

ಪೋಚಮ್ಮ ಪೆಟ್ಟಿಗೆಯಿಂದ ಕಂಬಳಿ ತಂದಳು. ನಡುಮನೆಯ ಮಧ್ಯದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಮಡಿಕೆ ಬಿಚ್ಚಿದಳು. ಪೂರ್ತಿ ಹರವಿಕೊಂಡಾಗ ಕುಳಿತವರೆಲ್ಲ ಮುಂದಕ್ಕೆ ಬಾಗಿ ನೋಡಿದರು. ಕರಿ ಉಣ್ಣೆಯ ತುಂಬ ಬಿಳಿ ಕಾಳುಗಳು, ಜೋಳ ಬಿತ್ತಿದಂತೆ ಒತ್ತಾಗಿ ಅಂಟಿದ್ದವು. ನಟ್ಟನಡುವೆ ಮಾತ್ರ ಒಂದೂ ಕಾಳಿಲ್ಲದ ಕರಿ ಜಾಗ: ಎರಡು ಮಡಿಚಿದ ಮೊಣಕಾಲು, ಅವುಗಳ ಹಿಂದೆ ಅಗಲವಾದ ಒಂದು ಗುಂಡು. ಒಬ್ಬ ಗಂಡಸು ಚಕ್ಕಳಮಕ್ಕಳ ಹಾಕಿ ಕುಳಿತಷ್ಟೇ ಜಾಗ. ಮಡಿಕೆಯಲ್ಲಿ ಸರಿದು ನಡುವೆ ಬಂದು ಸೇರಿದ್ದ ಕಾಳುಗಳನ್ನಷ್ಟೇ ಮುದುಕಿ ದಿನಗಟ್ಟಲೆ ಆರಿಸಿ ತೆಗೆದಿದ್ದಳು.

ಬುಗ್ಗಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಇದೇನವ್ವ, ಝಾಡಿಸಿಲ್ಲೇನು?" ಎಂದ ಉರುಕುಂದಪ್ಪ. ದನಿ ಸಣ್ಣಗಾಗಿತ್ತು.

"ಝಾಡಿಸಿದ್ರ ನೀ ಕುಂತ ಜಾಗ ಹೋಗ್ತಿತ್ತು" ಎಂದಳು ಪೋಚಮ್ಮ. ನೆರೆದವರ ಕಡೆ ತಿರುಗಿ ಹೇಳಿದಳು. "ಇಲ್ಲಿ ಕುಂತು ಹಲಗಿ ಕೊಯ್ದಾನ. ಕೊಯ್ತಾ, ಈ ಖೋಲಿ ಸಾಯೋತನ ನಿಂದ ಅಂತ ತಂಗಿಗೆ ಅಂದಾನ. ನಾ ಬಾಗಿಲಾಗ ನಿಂತು ಕೇಳೀನಿ. ಬಾರಪ್ಪ, ನಿನ್ನ ಜಾಗ ಹಂಗ ಐತಿ. ಕುಂದ್ರು. ಬಂಡಾರ ಹಿಡಿ. ಖೋಲಿ ಯಾರ್ದು ಅಂತ ಮತ್ತೊಮ್ಮಿ ಹೇಳು."

ಉರುಕುಂದಪ್ಪ ಕಂಬಳಿಯನ್ನು ನೋಡಿದ. ಬಲಗಾಲು ಒಂದಿಷ್ಟು ಮುಂದೆ ಬಂದು ಅಂಚಿನಲ್ಲೇ ನಿಂತಿತು. ಅದೇನು ಮಾತು ಕೊಟ್ಟಂತಾಯಿತೇ, ಕೆಲಸದ ನಡುವೆ ಆಡಿದ್ದು, ಕಂಬಳಿ ಯಾವುದೆಂದೂ ನೋಡಿರಲಿಲ್ಲ ಎಂದು ಹಿರಿಯರಿಗೆ ವಿವರಿಸತೊಡಗಿದ. ಹಾಗೆ ವಿವರಿಸುತ್ತಾ ಕಂಬಳಿಯ ಮೇಲೆ ಕುಳಿತದ್ದನ್ನು ತಾನೇ ಒಪ್ಪಿಕೊಂಡೆನೆಂಬುದು ಅವನಿಗೆ ಗೊತ್ತಾಗಲಿಲ್ಲ. ಹರಿತಾ ಕೆಮ್ಮಿದಳು.

ಚಂದ್ರಯ್ಯ ಕಾಯಿ, ಹಾರವನ್ನು ಚೀಲಕ್ಕೆ ಮರಳಿಸಿದ. ಕಂಬಳಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ಸರಿದ.

"ನನ್ನಿಂದ ಆಗಲ್ಲ ಉರುಕುಂದಪ್ಪ. ಒಂದು ಮಾತು ಆಡಿದ ಜಾಗದಾಗ ಇನ್ನೊಂದಕ್ಕ ಬಂಡಾರ ಹಿಡ್ಯಾಕ ನಾ ನಿಲ್ಲಂಗಿಲ್ಲ. ನಾಳಿ ನಮ್ಮಿಬ್ಬರ ನಡುವಿನ ಮಾತಿಗೂ ನೀ ಯಾವ ಕಂಬಳಿ ಅಂತ ಕೇಳ್ತಿ."

ಆತ ಚಪ್ಪಲಿ ಮೆಟ್ಟಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಮಾಡಿದ ಹುಗ್ಗಿ ಪಾತ್ರೆಯಲ್ಲೇ ಉಳಿಯಿತು.

ಬುಗ್ಗಮ್ಮ ತಾಯಿಯ ಎದುರು ಬಂದು ನಿಂತಳು. ಸಿಟ್ಟು ಇಳಿದಿರಲಿಲ್ಲ, ಇನ್ನೂ ಏರಿತ್ತು. "ಅವತ್ತು ಊಟದಾಗ ಕೇಳಿದಾಗ ಯಾಕ ಬಾಯಿ ಬಿಡಲಿಲ್ಲ?"

"ಅವತ್ತು ಅಂದಿದ್ರ ಮುದುಕಿಗೆ ಅರಳುಮರಳು ಅಂತಿದ್ದ. ಬಾಗಿಲು ಹಾಕ್ಕೊಂಡು ಅಂದ ಮಾತು ಈ ಮನ್ಯಾಗ ಯಾರಿಗೆ ಕೇಳ್ತೈತಿ? ಇವತ್ತು ಮಂದಿ ನೋಡ್ಯಾರ."

"ಮೈ ಮುರಿದು ದುಡಿದಾಕಿ ನಾ. ನಾ ಬಾಯಿಬಿಟ್ಟು ಹೇಳಿದ್ದು ಮಾತಾಗಲಿಲ್ಲ. ಕಂಬಳಿ ಸುಮ್ನ ಬಿದ್ದಿದ್ದು ಮಾತಾತು." ಅಣ್ಣನ ಕಡೆ ತಿರುಗಿದಳು. "ಇದಕ್ಕ ನಾ ಯಾರಿಗೂ ಕೈ ಮುಗಿಯಂಗಿಲ್ಲ. ನನ್ನದು ನಾ ತಗೊಂಡೆ, ಅಷ್ಟೇ."

ಹಿತ್ತಲಿಗೆ ಹೋಗಿ ಚೌಕಟ್ಟನ್ನು ಹೆಗಲಿಗೇರಿಸಿದಳು. ಹರಿತಾ ದಾರದ ಡಬ್ಬಿಗಳನ್ನು ತಂದಳು. ಸೋಫಾವನ್ನು ಇಬ್ಬರೂ ಸೇರಿ ಮಾಳಿಗೆಯ ಬಿಸಿಲಿಗೆ ತಳ್ಳಿದರು.

ಮರುದಿನ ಒಲೆಯ ಮುಂದೆ ರೊಟ್ಟಿಯ ಸಪ್ಪಳ ಬೇರೆಯಾಗಿತ್ತು. ತಡೆದು ತಡೆದು ಬೀಳುವ ಸುಗುಣಮ್ಮನ ಕೈಯ ಸಪ್ಪಳ. ಬುಗ್ಗಮ್ಮ ಬೆಳಿಗ್ಗೆಯೇ ಇಳಿದು ಬಂದು, ತನ್ನ ಪಾಲಿನ ಒಂದು ಹೊತ್ತಿನ ಅಡುಗೆ ಮಾಡುತ್ತೇನೆ, ಹಗಲಿನದು ಇನ್ನು ನನ್ನದಲ್ಲ ಎಂದು ಹೇಳಿ ಹೋಗಿದ್ದಳು. ಕಲೆಯಾದ ಸೀರೆಯನ್ನು ತಾನೇ ಇಟ್ಟುಕೊಂಡು, ಮತ್ತೊಂದು ಕಟ್ಟು ಕೊಡಿರೆಂದು ಅಂಗಡಿಯಾತನಿಗೆ ಫೋನು ಮಾಡಿ ಒಪ್ಪಿಸಿದ್ದಳು. ಉರುಕುಂದಪ್ಪ ಒಂದು ಕಡೆ ಹೊತ್ತಿ, ಇನ್ನೊಂದು ಕಡೆ ಹಸಿಯಾಗಿದ್ದ ರೊಟ್ಟಿಯನ್ನು ಮುರಿಯುತ್ತಾ ಕುಳಿತಿದ್ದ.

ಆಗ ಎಲೆಕ್ಟ್ರಿಷಿಯನ್ ವೈರಿನ ಸುರುಳಿ ಹೊತ್ತು ಬಂದ. ಹಿಂದಿನ ದಿನದ ಸುದ್ದಿ ಅವನಿಗೆ ತಲುಪಿರಲಿಲ್ಲ.

"ನಮಸ್ಕಾರ್ರಿ. ಆಫೀಸಿಗೆ ಲೈನ್ ಎಳಿಯಾಕ ಹೇಳಿದ್ರಲ್ಲ. ಎಲ್ಲೈತ್ರಿ ಆಫೀಸು?"

ಸುಗುಣಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಪೋಚಮ್ಮ ಕಂಬಳಿಯ ಕಾಳು ಆರಿಸುತ್ತಿದ್ದಳು. ಈಗ ಎಲ್ಲವನ್ನೂ ಆರಿಸುತ್ತಿದ್ದಳು. ಮೇಲೆ ಬಾಗಿಲು ಹಾಕಿತ್ತು, ಆದರೆ ಕಿಟಕಿ ತೆರೆದಿತ್ತು.

ಉರುಕುಂದಪ್ಪ ಬಾಯಲ್ಲಿದ್ದುದನ್ನು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟ.

"ಆಫೀಸಿಲ್ಲ ಇಲ್ಲಿ" ಎಂದ. "ಎ.ಸಿ. ಬ್ಯಾಡ, ಒಂದು ಫ್ಯಾನ್ ಹಾಕಿ ಹೋಗು."

"ಯಾವ ಖೋಲಿಗ್ರಿ?"

ಆತ ಮೆಟ್ಟಿಲಿನ ಕಡೆ ನೋಡಿದ. ಅಲ್ಲಿ ಬೋರ್ಡು ಮುಖ ಗೋಡೆಗೆ ತಿರುಗಿಸಿಕೊಂಡು ನಿಂತಿತ್ತು.

"ಬುಗ್ಗಿ ಖೋಲಿಗೆ."

ಮೇಲಿನಿಂದ ಅಗಳಿ ತೆಗೆದ ಸದ್ದು ಬಂತು. "ಚಪ್ಪಲಿ ಹೊರಗ ಬಿಟ್ಟು ಬಾರಪ್ಪ" ಎಂದಳು ಬುಗ್ಗಮ್ಮ. "ಒಳಗ ರೇಷ್ಮಿ ಐತಿ."